ಪ್ರಾಸ್ಟೇಟ್ ಊದಿಕೊಂಡರೆ ಅದೇ ಮುಂದೆ ಕ್ಯಾನ್ಸರ್ ಆಗುತ್ತಾ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: "ಸರ್, ಅಪ್ಪನಿಗೆ ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಬಂದಿದೆ. ಹಾಗೇ ಬಿಟ್ಟರೆ ಕ್ಯಾನ್ಸರ್‌ಗೆ ತಿರುಗುತ್ತಾ?"

ಇಲ್ಲ, ತಿರುಗುವುದಿಲ್ಲ. ಆದರೆ ಯಾಕೆ ಅನ್ನುವುದರಲ್ಲೇ ಮಜಾ ಇದೆ.

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಇರುವ ಒಂದು ಗ್ರಂಥಿ, ಇರುವುದು ಮೂತ್ರಕೋಶದ ಕೆಳಗೆ. ಮೂತ್ರನಾಳ ಅದರ ಮಧ್ಯದಲ್ಲೇ ಹಾದು ಹೋಗುತ್ತದೆ. ಐವತ್ತು ದಾಟಿದ ಮೇಲೆ ಅದು ಊದುವುದು ತೀರಾ ಸಾಮಾನ್ಯ. ರಾತ್ರಿ ನಾಲ್ಕು ಸಲ ಏಳುವುದು, ನಿಂತು ನಿಂತು ಬರುವ ಧಾರೆ, ಇವೆಲ್ಲ ನಿಮಗೆ ಗೊತ್ತೇ ಇದೆ.

ಈಗ ಒಂದು ಹಳೇ ಮನೆ ನೆನೆಸಿಕೊಳ್ಳಿ. ನಡುವೆ ಓಡಾಡುವ ಜಾಗ, ಅದೇ ಮೂತ್ರನಾಳ. ಅದಕ್ಕೆ ಅಂಟಿಕೊಂಡು ಪುಟ್ಟ ಕೋಣೆ. ಹಿಂದೆ ದೊಡ್ಡ ಹಿತ್ತಲು. ಜಾನ್ ಮೆಕ್‌ನೀಲ್ ಅನ್ನುವ ವೈದ್ಯ 1981ರಲ್ಲಿ ಪ್ರಾಸ್ಟೇಟನ್ನು ಹೀಗೇ ಭಾಗ ಮಾಡಿ ತೋರಿಸಿದರು. ಹರೆಯದಲ್ಲಿ ಆ ಕೋಣೆ ಇಡೀ ಗ್ರಂಥಿಯ ಬರೀ ಶೇ. 5ರಷ್ಟು, ಹಿತ್ತಲು ಶೇ. 70ರಷ್ಟು. ವಯಸ್ಸಿನ ಊತ ಬರುವುದು ಕೋಣೆಯಲ್ಲಿ. ಕ್ಯಾನ್ಸರ್ ಹತ್ತರಲ್ಲಿ ಏಳು ಪಾಲು ಹುಟ್ಟುವುದು ಹಿತ್ತಲಲ್ಲಿ!

ಕೋಣೆ ಊದಿದರೆ ದಾರಿ ಕಟ್ಟುತ್ತದೆ, ಮನೆಯವರಿಗೆಲ್ಲ ಗೊತ್ತಾಗುತ್ತದೆ. ಹಿತ್ತಲ ಕಳ್ಳ ಶುರುವಿನಲ್ಲಿ ಸದ್ದೇ ಮಾಡುವುದಿಲ್ಲ. ಗುದದ್ವಾರದಲ್ಲಿ ಬೆರಳಿಟ್ಟು ಡಾಕ್ಟರ್ ನೋಡುತ್ತಾರಲ್ಲ, ಮುಜುಗರ ಅಂತ ಎಲ್ಲರೂ ತಪ್ಪಿಸಿಕೊಳ್ಳುವ ಪರೀಕ್ಷೆ? ಆ ಬೆರಳು ಮುಟ್ಟುವುದು ನೇರ ಹಿತ್ತಲನ್ನೇ. ಹಿಂಬಾಗಿಲಿಂದ ಹೋಗುವುದು ಅದಕ್ಕೇ ಸ್ವಾಮಿ!

ಇನ್ನೊಂದು ಎಡವಟ್ಟು ನಂಬಿಕೆ ಇದೆ. "ಪ್ರಾಸ್ಟೇಟ್ ಆಪರೇಷನ್ ಆಗಿದೆ, ಇನ್ನು ಕ್ಯಾನ್ಸರ್ ಭಯ ಇಲ್ಲ." ಮೂತ್ರನಾಳದ ಮೂಲಕ ಕೆರೆದು ತೆಗೆಯುವ ಟಿಯುಆರ್‌ಪಿಯಲ್ಲಿ ಹೋಗುವುದು ಕೋಣೆಯ ಊತ ಮಾತ್ರ. ಹಿತ್ತಲು ಅಲ್ಲೇ ಇರುತ್ತದೆ. ಹಾಗೆ ತೆಗೆದ ಚೂರುಗಳನ್ನೂ ಲ್ಯಾಬಿಗೆ ಕಳಿಸುತ್ತಾರೆ. ಯಾಕೆಂದರೆ ಕೋಣೆಯಲ್ಲೂ ಕ್ಯಾನ್ಸರ್ ಹುಟ್ಟಬಹುದು, ಕಡಿಮೆ ಅಷ್ಟೇ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಬೇಗ. ಒಂದು ತಿರುಗಿ ಇನ್ನೊಂದು ಆಗುವುದಿಲ್ಲ ನಿಜ, ಆದರೆ ಒಬ್ಬರಿಗೇ ಎರಡೂ ಇರಬಹುದು. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್; ರಕ್ತಪರೀಕ್ಷೆಯಲ್ಲಿ ಅದರ ಮಟ್ಟ ಊತ, ಕ್ಯಾನ್ಸರ್ ಎರಡರಲ್ಲೂ ಏರುತ್ತದೆ, ಸೋಂಕಿಗೂ ಏರುತ್ತದೆ. ಹಾಗಾಗಿ ರಿಪೋರ್ಟ್ ನೋಡಿ ನೀವೇ ತೀರ್ಪು ಕೊಡಬೇಡಿ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕಾಯಲೇಬೇಡಿ.

ಊತಕ್ಕೆ ಕೊಡುವ ಫಿನಾಸ್ಟೆರೈಡ್ ಮಾತ್ರೆ ಆರು ತಿಂಗಳಲ್ಲಿ ಪಿಎಸ್‌ಎಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. 2 ಅಂತ ಬಂದರೆ ಡಾಕ್ಟರ್ ಅದನ್ನು 4 ಅಂತಲೇ ಓದಬೇಕು. ಅದೇ ಮಾತ್ರೆಯನ್ನು ಕಡಿಮೆ ಡೋಸಿನಲ್ಲಿ ಬೋಳುತಲೆಗೂ ಕೊಡುತ್ತಾರೆ. ಕೂದಲಿಗೆ ಅಂತ ಗುಟ್ಟಾಗಿ ನುಂಗುತ್ತಿದ್ದರೆ, ಹೆಂಡತಿಗೆ ಹೇಳದಿದ್ದರೂ ಪರವಾಗಿಲ್ಲ, ಡಾಕ್ಟರ್‌ಗೆ ಹೇಳಿಬಿಡಿ.