ಕಂಪ್ಯೂಟರ್ ಎದ್ದಿದೆ, ಮಾನಿಟರ್ ಎದ್ದಿಲ್ಲ!

ಈಗ ನಿಮಗೆ ಕಾಣುತ್ತಿರುವುದು ಬರೀ ಕಪ್ಪು. ನಿಮ್ಮ ಫೋನ್ ಕೆಟ್ಟಿಲ್ಲ, ವಿಡಿಯೋನೂ ನಿಂತಿಲ್ಲ. ಇದು ನನ್ನ ಮಾನಿಟರ್. ಮೊನ್ನೆ ಭಾನುವಾರ ಸಂಜೆ ಒಂದು ಗಂಟೆ ಹೊತ್ತು ನಾನು ನೋಡಿದ್ದೂ ಇದನ್ನೇ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ವ್ಲಾಗ್ ಎಡಿಟ್ ಮಾಡುತ್ತಿದ್ದೆ. ಸಾವಿರ ಮೆಟ್ಟಿಲು ಹತ್ತುವಾಗ ಆಗದ ಸುಸ್ತು ಆ ಫುಟೇಜ್ ಕತ್ತರಿಸುವಾಗ ಆಯಿತು. ಅಮ್ಮ ಕಾಫಿಗೆ ಕರೆದರು. ಸ್ಲೀಪ್‌ಗೆ ಹಾಕಿ ಎದ್ದು ಹೋದೆ. ಸೇವ್ ಮಾಡಿರಲಿಲ್ಲ, ಆಟೋಸೇವ್ ಕೂಡ ಆಫ್. ಬೈಯಬೇಡಿ, ಅಮ್ಮನ ಕೈಲಿ ಆಗಲೇ ಬೈಸಿಕೊಂಡಿದ್ದೇನೆ.

ವಾಪಸ್ ಬಂದು ಮೌಸ್ ಅಲ್ಲಾಡಿಸಿದೆ. ಕ್ಯಾಬಿನೆಟ್ ಫ್ಯಾನ್ ಗುಂಯ್ ಎಂದಿತು. ಕೀಬೋರ್ಡ್ ದೀಪ ಹತ್ತಿತು. ಪರದೆ ಮಾತ್ರ ಕಪ್ಪು. ಮಾನಿಟರ್ ಮೂಲೆಯಲ್ಲಿ ಒಂದು ಕಿತ್ತಳೆ ದೀಪ ಮಿಣುಕ್ ಮಿಣುಕ್.

ಮೊದಲು ಬೆರಳು ಹೋಗಿದ್ದು ಪವರ್ ಬಟನ್ ಕಡೆಗೇ. ಒತ್ತಿ ಹಿಡಿದರೆ ಆಫ್ ಆಗುತ್ತದೆ, ಆದರೆ ಎರಡು ಗಂಟೆಯ ಎಡಿಟ್ ಕೂಡ ಹೋಗುತ್ತದೆ. ಸ್ಲೀಪ್‌ನಲ್ಲಿ ನಮ್ಮ ಕೆಲಸವೆಲ್ಲ ಕಂಪ್ಯೂಟರ್‌ನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಕೂತಿರುತ್ತದೆ. ಕರೆಂಟ್ ಕಿತ್ತರೆ ರ‍್ಯಾಮ್ ಎಲ್ಲಾ ಮರೆತುಬಿಡುತ್ತದೆ. ಹಾಗಾಗಿ ಬಟನ್ ಮುಟ್ಟಲಿಲ್ಲ. ಅವತ್ತು ಕರೆಂಟೂ ಹೋಗಲಿಲ್ಲ, ನನ್ನ ಪುಣ್ಯ.

ಪರಿಚಯದ ಒಂದು ಅಂಗಡಿಗೆ ಫೋನ್ ಮಾಡಿದೆ. "ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಸಾರ್" ಎಂದರು. ನಮ್ಮಲ್ಲಿ ಯಾವ ಕಾಯಿಲೆಗೂ ಮೊದಲ ಔಷಧಿ ಇದೇ ಅಲ್ವಾ! ಆಮೇಲೆ, "ಹಾಗೂ ಬರದಿದ್ದರೆ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿಬಿಡಿ." ಪರದೆಗೆ ಚಿತ್ರ ಕಳಿಸುವ ಕಾರ್ಡ್ ಅದು. ಕಂಪ್ಯೂಟರ್ ನೋಡದೆಯೇ ಹೇಳಿಬಿಟ್ಟರು!

ನಾನು ಕ್ಯಾಪ್ಸ್ ಲಾಕ್ ಒತ್ತಿದೆ. ಇಲ್ಲಿ ನೋಡಿ, ದೀಪ ಹತ್ತುತ್ತಿದೆ, ಆರುತ್ತಿದೆ. ಪೆನ್‌ಡ್ರೈವ್ ಚುಚ್ಚಿದೆ, ಸ್ಪೀಕರ್‌ನಿಂದ ಟಿಣ್ ಎಂದು ಸದ್ದು ಬಂತು. ಅಂದರೆ ಒಳಗಡೆ ವಿಂಡೋಸ್ ಎದ್ದು ಕೂತಿದೆ. ಉಜ್ಜುವುದೇನೂ ಬೇಕಿಲ್ಲ.

ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕನ್ನೂ ಒಟ್ಟಿಗೆ. ಇದು ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು ಮಾತ್ರ ಮತ್ತೆ ಶುರು ಮಾಡುತ್ತದೆ, ತೆರೆದಿಟ್ಟ ಕೆಲಸ ಮುಚ್ಚುವುದಿಲ್ಲ. ಎಷ್ಟೋ ಜನರಿಗೆ ಇಲ್ಲೇ ಚಿತ್ರ ಬಂದುಬಿಡುತ್ತದೆ. ನನಗೆ ಬೀಪ್ ಅಂತ ಕೇಳಿಸಿತು, ಅಷ್ಟೇ.

ಸರಿ, ಮಾನಿಟರ್‌ನ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿದೆ. ಕಂಪನಿ ಲೋಗೋ ಬಂತು, ಆಮೇಲೆ "ನೋ ಸಿಗ್ನಲ್". ಲೋಗೋ ಕಾಣಿಸಿತು ಎಂದರೆ ಪ್ಯಾನಲ್ಲೂ ಸರಿ, ಹಿಂದಿನ ಬೆಳಕೂ ಸರಿ. ಅತ್ತ ಕಂಪ್ಯೂಟರ್ ಎಚ್ಚರ, ಇತ್ತ ಮಾನಿಟರ್ ಗಟ್ಟಿ. ಇಬ್ಬರಿಗೂ ಮಾತಿಲ್ಲ.

ಮಧ್ಯೆ ಇದ್ದದ್ದು ಡಿಸ್‌ಪ್ಲೇಪೋರ್ಟ್ ಕೇಬಲ್. ಅಪ್ಪ ನ್ಯೂಸ್ ನೋಡುತ್ತಿದ್ದರು. ಸೆಟ್ ಟಾಪ್ ಬಾಕ್ಸ್‌ನ ಎಚ್‌ಡಿಎಂಐ ಕೇಬಲನ್ನು ಅವರ ಕಣ್ಣೆದುರೇ ಕಿತ್ತುಕೊಂಡು ಬಂದೆ. ಆ ಬೈಗುಳ ಈ ವಿಡಿಯೋದಲ್ಲಿ ಹಾಕಿಲ್ಲ. ಒಂದು ತುದಿ ಮಾನಿಟರ್‌ಗೆ, ಇನ್ನೊಂದು ಗ್ರಾಫಿಕ್ಸ್ ಕಾರ್ಡ್‌ಗೆ. ಮದರ್‌ಬೋರ್ಡ್‌ನಲ್ಲೂ ಅಂಥದ್ದೇ ತೂತು ಇರುತ್ತದೆ, ಗಡಿಬಿಡಿಯಲ್ಲಿ ಅದಕ್ಕೆ ಚುಚ್ಚಬೇಡಿ.

ಬಂತು! ಬೆಟ್ಟದ ದೊಡ್ಡ ನಂದಿ, ನಾನು ಬಿಟ್ಟು ಹೋದ ಜಾಗದಲ್ಲೇ. ಮೊದಲು ಕಂಟ್ರೋಲ್ ಎಸ್. ಉಸಿರಾಡಿದ್ದು ಆಮೇಲೆ.

ಗ್ರಾಫಿಕ್ಸ್ ಕಾರ್ಡ್ ಹೋಗಿಲ್ಲ ಎಂದಾಯಿತು. ಆದರೂ ಸುಮ್ನೆ ಅನುಮಾನ, ಕಂಪ್ಯೂಟರ್ ನಿಜಕ್ಕೂ ಆಗಲೇ ಎದ್ದಿತ್ತಾ? ವಿಂಡೋಸ್‌ನ ದಿನಚರಿ ಪುಸ್ತಕದಂಥ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಪವರ್ ಟ್ರಬಲ್‌ಶೂಟರ್ ಎಂಬ ಹೆಸರಿನ 1ನೇ ನಂಬರ್ ದಾಖಲೆ ಹುಡುಕಿದೆ. ಎದ್ದ ಸಮಯ 12:42 ಎಂದಿತ್ತು. ಮಧ್ಯಾಹ್ನ ನಾನು ಊಟ ಮಾಡುತ್ತಿದ್ದೆನಲ್ಲ! ಆಮೇಲೆ ಹೊಳೆಯಿತು, ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಐದೂವರೆ ಗಂಟೆ ಸೇರಿಸಿದರೆ 6:12. ಮೌಸ್ ಅಲ್ಲಾಡಿಸಿದ ಹೊತ್ತು ಅದೇ. ಪಾಪ, ಅದು ಕರೆದ ತಕ್ಷಣ ಎದ್ದಿತ್ತು.

ಏಳದಿದ್ದವನು ಮಾನಿಟರ್. ಅದರ ಮೆನುವಿನಲ್ಲಿ "ಡಿಪಿ ಡೀಪ್ ಸ್ಲೀಪ್" ಎಂಬ ಆಯ್ಕೆ ಇದೆ, ಡಿಪಿ ಎಂದರೆ ಡಿಸ್‌ಪ್ಲೇಪೋರ್ಟ್. ಬೇರೆ ಮಾನಿಟರ್‌ಗಳಲ್ಲಿ ಹೆಸರು ಬೇರೆ ಇರಬಹುದು. ಸ್ವಲ್ಪ ವಿದ್ಯುತ್ ಉಳಿಸಲು ಮಾನಿಟರ್ ಎಷ್ಟು ಆಳವಾಗಿ ಮಲಗುತ್ತದೆ ಎಂದರೆ, ಕಂಪ್ಯೂಟರ್‌ಗೆ ಕೇಬಲ್ಲೇ ಕಿತ್ತುಹೋದಂತೆ ಅನಿಸುತ್ತದೆ. ಕಂಪ್ಯೂಟರ್ ಎದ್ದಾಗ ಮಾನಿಟರನ್ನು ಹುಡುಕುತ್ತದೆ, ಸಿಗುವುದಿಲ್ಲ, ಸುಮ್ಮನಾಗುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿದೆ. ಇನ್‌ಪುಟ್ ಕೂಡ ಆಟೋದಿಂದ ತೆಗೆದು ಡಿಸ್‌ಪ್ಲೇಪೋರ್ಟ್‌ಗೇ ಇಟ್ಟೆ. ಖರ್ಚು ಸೊನ್ನೆ.

ಡ್ರೈವರ್ ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾದರೆ, ಡಿವೈಸ್ ಮ್ಯಾನೇಜರ್‌ಗೆ ಹೋಗಿ ಹಳೇ ಡ್ರೈವರ್‌ಗೆ ವಾಪಸ್ ಹೋಗಿ ನೋಡಿ. ಮತ್ತೆ, ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗಬೇಕು ಎಂದರೆ ರೀಸ್ಟಾರ್ಟ್ ಒತ್ತಿ.

ಡಿಸ್‌ಪ್ಲೇಪೋರ್ಟ್ ಕೇಬಲನ್ನೇ ವಾಪಸ್ ಹಾಕಿ, ಐದು ಸಲ ಮಲಗಿಸಿ ಎಬ್ಬಿಸಿದೆ. ಐದು ಸಲವೂ ಎದ್ದಿತು. ರಾತ್ರಿಯಿಡೀ ಮಲಗಿಸಿದ್ದರ ಶಾಟ್ ಇದು, ಬೆಳಗ್ಗೆ ಆರೂವರೆ. ಮೌಸ್ ಮುಟ್ಟುತ್ತಿದ್ದೇನೆ. ಒಂದು, ಎರಡು… ನಂದಿ ಬಂತು.

ಆಚೆ ಕೇಳಿಸುತ್ತಿರುವ ದನಿ ಅಪ್ಪನದು. ಎಚ್‌ಡಿಎಂಐ ಕೇಬಲ್ ಇನ್ನೂ ನನ್ನ ಹತ್ತಿರವೇ ಇದೆ.