ಅಪ್ಪನೂ ಅವನೇ, ಕೊಲೆಗಾರನೂ ಅವನೇ

ಕೇಳುಗರಿಗೆ ನಮಸ್ಕಾರ. ಧಾರಾವಾಹಿ ಬರೆಯಬೇಕು ಅಂತ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ಈಗ ರೇಡಿಯೋ ಹಾಕಿಕೊಂಡು ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ನನ್ನದು ಒಂದೇ ಮಾತು. ನಿಮ್ಮ ನಾಯಕ ಮಾಡಿದ ಪಾಪವನ್ನು ನೀವು ತೊಳೆಯಲು ಹೋಗಬೇಡಿ.

ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 'ದ ಸೊಪ್ರಾನೋಸ್' ಅಂತ ಒಂದು ಧಾರಾವಾಹಿ ಬರುತ್ತಿತ್ತು. ನ್ಯೂಜೆರ್ಸಿಯ ಮಾಫಿಯಾ ಕುಟುಂಬದ ಕಥೆ. 1999ರ ಫೆಬ್ರವರಿ 7ರಂದು ಅದರ ಐದನೇ ಕಂತು ಬಂತು. ಹೆಸರು 'ಕಾಲೇಜ್'. ಕಥಾನಾಯಕ ಟೋನಿ ತನ್ನ ಮಗಳು ಮೆಡೋಳನ್ನು ಕಾಲೇಜು ತೋರಿಸಲು ಮೇನ್ ರಾಜ್ಯಕ್ಕೆ ಕರೆದುಕೊಂಡು ಹೋಗುತ್ತಾನೆ. ಕಾರಲ್ಲಿ ಮಗಳು ನೇರವಾಗಿ ಕೇಳುತ್ತಾಳೆ, ನೀನು ಮಾಫಿಯಾದವನಾ ಅಂತ. ಅವನು ಮೊದಲು ಇಲ್ಲ ಅನ್ನುತ್ತಾನೆ. ಆಮೇಲೆ ಅರ್ಧ ಒಪ್ಪಿಕೊಳ್ಳುತ್ತಾನೆ. ಎಷ್ಟು ಒಳ್ಳೆ ಅಪ್ಪ ಅನ್ನಿಸುತ್ತೆ, ಅಲ್ವಾ?

ಅಷ್ಟರಲ್ಲಿ ಪೆಟ್ರೋಲ್ ಬಂಕಿನಲ್ಲಿ ಒಂದು ಹಳೇ ಮುಖ ಕಾಣಿಸುತ್ತದೆ. ಪೆಟ್ರೂಲಿಯೋ. ಹಿಂದೆ ಗ್ಯಾಂಗಿನವನೇ, ಪೊಲೀಸರಿಗೆ ಸಾಕ್ಷಿಯಾದವನು. ಈಗ ಬೇರೆ ಹೆಸರಿಟ್ಟುಕೊಂಡು ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದಾನೆ. ಮಗಳನ್ನು ಕಾಲೇಜಿನ ಸಂದರ್ಶನಕ್ಕೆ ಬಿಟ್ಟ ಟೋನಿ, ಹೋಗಿ ಅವನ ಕುತ್ತಿಗೆಗೆ ತಂತಿ ಬಿಗಿದು ಕೊಲ್ಲುತ್ತಾನೆ. ಅಪ್ಪನೂ ಅವನೇ, ಕೊಲೆಗಾರನೂ ಅವನೇ.

ಈಗ ನನಗೆ ತುಂಬಾ ಇಷ್ಟವಾದ ಸಂಗತಿ ಹೇಳುತ್ತೇನೆ. ಸ್ಕ್ರಿಪ್ಟ್ ಓದಿದ ಎಚ್‌ಬಿಒದ ಹಿರಿಯ ಅಧಿಕಾರಿ ಕ್ರಿಸ್ ಆಲ್ಬ್ರೆಕ್ಟ್‌ಗೆ ಗಾಬರಿಯಾಯಿತು. ಜನ ಆಗಷ್ಟೇ ಟೋನಿಯನ್ನು ಮೆಚ್ಚಲು ಶುರು ಮಾಡಿರುತ್ತಾರೆ, ಐದನೇ ಕಂತಿಗೇ ಕೈಯಾರೆ ಕೊಲೆ ಮಾಡಿಸಿದರೆ ದೂರವಾಗುತ್ತಾರೆ ಅಂತ ಅವರ ಭಯ. ಧಾರಾವಾಹಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಜಗ್ಗಲಿಲ್ಲ. ಮಾಫಿಯಾ ನಾಯಕ ದ್ರೋಹಿಯನ್ನು ಕಣ್ಣೆದುರು ಕಂಡು ಸುಮ್ನೆ ಬಿಟ್ಟುಬಿಟ್ಟರೆ ಅವನನ್ನು ಯಾರು ನಂಬುತ್ತಾರೆ? ಕೊನೆಗೆ ಒಂದು ರಾಜಿಯಾಯಿತು. ಪೆಟ್ರೂಲಿಯೋನನ್ನು ಇನ್ನಷ್ಟು ಕೆಟ್ಟವನನ್ನಾಗಿ ತೋರಿಸಿದರು. ಅವನೂ ಟೋನಿಯನ್ನು ಕೊಲ್ಲಿಸಲು ಇಬ್ಬರನ್ನು ಹುಡುಕುತ್ತಾನೆ. ಆದರೆ ಕೊಲೆ ಮಾತ್ರ ಉಳಿಯಿತು. ಜನ ದೂರವಾಗಲಿಲ್ಲ. ಬರೆದ ಜೇಮ್ಸ್ ಮಾನೋಸ್ ಮತ್ತು ಚೇಸ್ ಇಬ್ಬರಿಗೂ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು!

ನಮ್ಮಲ್ಲಿ ನನಗೆ ಬೇಸರ ತರುವುದು ಇದೇ. ಬರೆಯಲು ಕಲಿಯುವ ವಿದ್ಯಾರ್ಥಿಗಳು ನಾಯಕನ ಕೈಗೆ ಕತ್ತಿ ಕೊಡುತ್ತಾರೆ, ಕೊಲ್ಲುವ ಹೊತ್ತಿಗೆ ಖಳನೇ ಕಾಲು ಜಾರಿ ಬಿದ್ದು ಸಾಯುತ್ತಾನೆ. ಎಷ್ಟು ಸಲ ತಿದ್ದಿದ್ದೇನೋ! ದಯವಿಟ್ಟು ಹಾಗೆ ಬರೆಯಬೇಡಿ. ತೊಳೆಯಬೇಡಿ.

ಮನೆಯಲ್ಲಿರುವ ಹೆಂಡತಿ ಕಾರ್ಮೆಲಾ ಬಗ್ಗೆ, ಆ ರಾತ್ರಿ ಮನೆಗೆ ಬರುವ ಪಾದ್ರಿಯ ಬಗ್ಗೆ ವಿವರವಾಗಿ ಹೇಳಬೇಕಿತ್ತು. ಸಮಯ ಮುಗಿಯುತ್ತಾ ಬಂತು. ಅವಳೂ ಗಂಡನ ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದೇ ಬದುಕಿದವಳು, ಅಷ್ಟು ನೆನಪಿಡಿ.

ಇನ್ನೊಂದೇ ಒಂದು ದೃಶ್ಯ. ಕೊಲೆಯಾದ ಮೇಲೆ ಟೋನಿ ಮಗಳನ್ನು ಕರೆದುಕೊಳ್ಳಲು ಬರುತ್ತಾನೆ. ಬೂಟಿಗೆ ಕೆಸರು ಹತ್ತಿದೆ. ತಂತಿ ಎಳೆದ ಕೈ ಗಾಯವಾಗಿದೆ. ಮಗಳ ಕಣ್ಣಿಗೆ ಅದು ಬೀಳುತ್ತದೆ, ಏನಾಯ್ತು ಅಂತ ಕೇಳುತ್ತಾಳೆ. ಅವನು ಇನ್ನೊಂದು ಸುಳ್ಳು ಹೇಳುತ್ತಾನೆ. ನಮಸ್ಕಾರ.