ಲಾಬಿಯಲ್ಲಿ ಯಾರೂ ಇಲ್ಲ: ಆನ್‌ಲೈನ್ ಗೇಮ್‌ಗಳು ಖಾಲಿಯಾಗೋದು ಹೇಗೆ

ಹಾಂ, ರೆಕಾರ್ಡ್ ಆಗ್ತಿದೆ. ಲಾಗಿನ್, ಅಪ್‌ಡೇಟ್, ಸೆಟ್ಟಿಂಗ್ಸ್ ಎಲ್ಲ ಕಟ್ ಮಾಡಿದ್ದೀನಿ, ಸೀದಾ ಲಾಬಿಗೆ, ಅಂದ್ರೆ ಮ್ಯಾಚ್‌ಗೆ ಮುಂಚೆ ಕಾಯೋ ಜಾಗಕ್ಕೆ ಬಂದಿದ್ದೀವಿ. ಪ್ಲೇ ಬಟನ್ ಒತ್ತಿ ಆಯ್ತು. ಜೊತೆಗೆ ಆಡೋಕೆ ಜನ ಸಿಗೋವರೆಗೆ ಎಷ್ಟು ಹೊತ್ತು ಕಾದ್ವಿ ಅಂತ ಮೇಲ್ಗಡೆ ಓಡ್ತಿರೋ ಟೈಮರ್ ಕಾಣ್ತಿದೆಯಲ್ಲ, ಇವತ್ತಿನ ವಿಡಿಯೋ ಪೂರ್ತಿ ಅದರ ಬಗ್ಗೆನೇ. ಈ ಗೇಮ್ ಯಾವುದು ಅಂತ ಹೇಳಲ್ಲ. ಗುರುತು ಹಿಡಿದವರು ಹಿಡೀತೀರಿ. ಒಂದು ಕಾಲದಲ್ಲಿ ಇದೇ ಬಟನ್ ಒತ್ತಿದ್ರೆ ಹೆಡ್‌ಸೆಟ್ ಸರಿಮಾಡ್ಕೊಳ್ಳೋಕೂ ಪುರುಸೊತ್ತು ಸಿಗ್ತಿರಲಿಲ್ಲ, ಮ್ಯಾಚ್ ಶುರುವಾಗಿ ಬಿಡ್ತಿತ್ತು.

ಈಗ ಕಾಯಿರಿ. ಇನ್ನೂ ಕಾಯಿರಿ.

ಕಾಯೋದು ಯಾಕೆ ಇಷ್ಟು ಸಿಟ್ಟು ಬರಿಸುತ್ತೆ ಅಂದ್ರೆ, ಜನ ಇಲ್ಲದೇ ಇಲ್ಲ. ಇದ್ದಾರೆ. ಆದ್ರೆ ಚೂರುಚೂರಾಗಿ ಹಂಚಿಹೋಗಿದ್ದಾರೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಇಡೀ ಜಗತ್ತಲ್ಲಿ ಈಗ 2,000 ಜನ ಆನ್‌ಲೈನ್ ಇದ್ದಾರೆ ಅಂದ್ಕೊಳ್ಳಿ. 5 ರೀಜನ್‌ಗೆ ಹಂಚಿದ್ರೆ ಒಂದೊಂದಕ್ಕೆ 400. ಅಲ್ಲಿ ಸೋಲೋ, ಡ್ಯೂಯೋ, ಸ್ಕ್ವಾಡ್, ರ‍್ಯಾಂಕ್ಡ್ ಅಂತ 4 ಮೋಡ್, ಉಳಿದಿದ್ದು 100. ಆ 100ರಲ್ಲಿ ಹೆಚ್ಚಿನವರು ಆಗಲೇ ಯಾವುದೋ ಮ್ಯಾಚ್ ಒಳಗಿದ್ದಾರೆ. ಮಿಕ್ಕವರನ್ನ ರ‍್ಯಾಂಕ್ ನೋಡಿ ಬೇರೆ ಮಾಡಿದ್ರೆ ನನ್ನ ಜೊತೆ ಆಡೋಕೆ ಯಾರು ಸಿಗ್ತಾರೆ ಹೇಳಿ? 10 ಜನರ ಮ್ಯಾಚ್ ಆದ್ರೆ ಹೇಗೋ ತುಂಬುತ್ತೆ. ಕೊನೆಗೆ ಉಳಿದವರೇ ಗೆಲ್ಲೋ 100 ಜನರ ಬ್ಯಾಟಲ್ ರಾಯಲ್ ಆದ್ರೆ ಆಯ್ತು ಕಥೆ.

ಆಮೇಲೆ ಸಿಸ್ಟಮ್ ಏನ್ ಮಾಡುತ್ತೆ, ಬಾಗಿಲು ಅಗಲ ಮಾಡುತ್ತೆ. ಯಾವ ರ‍್ಯಾಂಕ್ ಆದ್ರೂ ಸರಿ, ಪಿಂಗ್, ಅಂದ್ರೆ ಸರ್ವರ್‌ಗೆ ಸಿಗ್ನಲ್ ಹೋಗಿ ಬರೋ ಹೊತ್ತು ಎಷ್ಟಿದ್ರೂ ಸರಿ, ಒಟ್ನಲ್ಲಿ ಒಳಗೆ ತಳ್ಳು. ನಿನ್ನೆ ಇನ್‌ಸ್ಟಾಲ್ ಮಾಡಿದ ಹುಡುಗ, ವರ್ಷಗಟ್ಟಲೆ ಆಡಿ ಮ್ಯಾಪ್‌ನ ಮೂಲೆಮೂಲೆ ಬಾಯಿಪಾಠ ಮಾಡಿರೋನ ಎದುರು ನಿಲ್ತಾನೆ. ಇಳಿದ, ಸತ್ತ. ಮತ್ತೆ ಇಳಿದ, ಮತ್ತೆ ಸತ್ತ. ಅನ್‌ಇನ್‌ಸ್ಟಾಲ್. ಒಬ್ಬ ಕಮ್ಮಿ ಆದ, ಟೈಮರ್ ಇನ್ನಷ್ಟು ಉದ್ದ ಆಯ್ತು, ಅದನ್ನ ನೋಡಿ ಇನ್ನೊಬ್ಬ ಹೋದ. ಇದು ಬರೀ ನನ್ನ ಅನಿಸಿಕೆ ಅಂದ್ಕೋಬೇಡಿ, ಈ ರೋಗ ಒಂದು ಸಲ ಹಿಡಿದ್ರೆ ಒಳ್ಳೆ ಗೇಮ್‌ನೂ ಬಿಡಲ್ಲ. ಆದ್ರೂ ಕಂಪನಿಯವರು ಹೊಸ ಹೊಸ ಮೋಡ್ ಸೇರಿಸ್ತಾನೇ ಇರ್ತಾರೆ! ಇರೋ ಜನ ಸಾಲದೆ ಇರುವಾಗ ಇನ್ನೊಂದು ಸಾಲು ಯಾಕ್ರೀ ಹಚ್ತೀರಿ? ಎರಡು ಮೋಡ್ ಮುಚ್ಚಿ, ಉಳಿದಿದ್ದು ಬದುಕುತ್ತೆ.

ಟೈಮರ್ ಇನ್ನೂ ಓಡ್ತಿದೆ. ಓಡಲಿ ಬಿಡಿ, ಇನ್ನೊಂದು ವಿಷಯ.

ಗೇಮ್ ಚೆನ್ನಾಗಿದ್ರೆ ಜನ ತಾನಾಗೇ ಬರ್ತಾರೆ ಅಂತಾರಲ್ಲ, ನಾನಂತೂ ನಂಬಲ್ಲ. ಅಮಾಂಗ್ ಅಸ್ ಬಂದಿದ್ದು 2018ರಲ್ಲಿ. ಎರಡು ವರ್ಷ ಹೆಚ್ಚು ಜನ ಅದರ ಕಡೆ ತಿರುಗಿನೂ ನೋಡಲಿಲ್ಲ. 2020ರಲ್ಲಿ ಎಲ್ಲರೂ ಮನೆಯೊಳಗೆ ಇದ್ರು, ಸ್ಟ್ರೀಮರ್‌ಗಳು ಕೈಗೆತ್ತಿಕೊಂಡ್ರು, ಜಗತ್ತೇ ಆಡ್ತು. ಮಾಡಿದ್ದ ಪುಟ್ಟ ತಂಡ ಎರಡನೇ ಭಾಗ ಬರುತ್ತೆ ಅಂತ ಘೋಷಿಸಿ, ಆಮೇಲೆ ಅದನ್ನ ಕೈಬಿಟ್ಟು ಹಳೇದನ್ನೇ ಬೆಳೆಸ್ತು. ಅದೇ ಗೇಮ್, ಅದೇ ಹಡಗು, ಅದೇ ಬಣ್ಣದ ಗೊಂಬೆಗಳು. ಬದಲಾಗಿದ್ದು ಸುತ್ತಲಿನ ಪರಿಸ್ಥಿತಿ.

ಅಥವಾ ಪಬ್‌ಜಿ ತಗೊಳ್ಳಿ. 2017ರ ಮಾರ್ಚ್‌ನಲ್ಲಿ ಅರ್ಧಂಬರ್ಧ ತಯಾರಾದ ಸ್ಥಿತಿಯಲ್ಲೇ ಪಿಸಿಗೆ ಬಂತು, 2018ರ ಜನವರಿಗೆ ಸ್ಟೀಮ್ ಅನ್ನೋ ಪಿಸಿ ಗೇಮ್ ವೇದಿಕೆಯಲ್ಲಿ ಒಂದೇ ಹೊತ್ತಿಗೆ 32 ಲಕ್ಷಕ್ಕೂ ಹೆಚ್ಚು ಜನ. ಅಷ್ಟರಲ್ಲಿ ಫೋರ್ಟ್‌ನೈಟ್ 2017ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್ ರಾಯಲ್ ತಂದು ಫ್ರೀ ಮಾಡಿಬಿಡ್ತು. ಪಬ್‌ಜಿಗೆ ಆಗ ಪಿಸಿಯಲ್ಲಿ ದುಡ್ಡು ಕೊಡ್ಬೇಕಿತ್ತು. ಫ್ರೀ ಇದ್ರೆ ಗೆದ್ದಂಗೆ, ಅಷ್ಟೇ.

ಇಲ್ಲ, ಅಷ್ಟೇ ಅಲ್ಲ. ಫೈನಲ್ ಫ್ಯಾಂಟಸಿ 14 ತಿಂಗಳಿಗೊಮ್ಮೆ ದುಡ್ಡು ತಗೊಳ್ಳುತ್ತೆ. 2010ರಲ್ಲಿ ಬಂದಾಗ ಮಕಾಡೆ ಮಲಗಿತ್ತು. ಮಾಡಿದವರು ಆ ಜಗತ್ತನ್ನೇ ಮುಚ್ಚಿ, ಹೊಸದಾಗಿ ಕಟ್ಟಿ 2013ರಲ್ಲಿ ತಂದ್ರು. 2021ರ ಡಿಸೆಂಬರ್‌ನಲ್ಲಿ ಸರ್ವರ್‌ಗಳು ಎಷ್ಟು ತುಂಬಿದ್ವು ಅಂದ್ರೆ ಮಾರಾಟವನ್ನೇ ಸ್ವಲ್ಪ ದಿನ ನಿಲ್ಲಿಸ್ಬೇಕಾಯ್ತು! ಹಾಗಾಗಿ ಫ್ರೀ ಅನ್ನೋದು ಬಾಗಿಲು ತೆರೆಯುತ್ತೆ, ಒಳಗೆ ಕೂರಿಸೋದು ಬೇರೆ ಏನೋ.

ನನ್ನ ಪ್ರಕಾರ ಅದು ಗೆಳೆಯರು. ಆನ್‌ಲೈನ್ ಗೇಮ್ ಅನ್ನ ಒಬ್ಬೊಬ್ಬರಾಗಿ ಬಿಡೋದು ಕಮ್ಮಿ, ಗುಂಪುಗುಂಪಾಗಿ ಬಿಡ್ತಾರೆ. ನಾಲ್ಕು ಜನರ ಸ್ಕ್ವಾಡ್‌ನಲ್ಲಿ ಒಬ್ಬನಿಗೆ ಬೇಜಾರಾಗಿ ಹೊಸ ಗೇಮ್ ಹಾಕಿದ ಅಂದ್ರೆ, ವಾರ ಕಳೆಯೋದ್ರೊಳಗೆ ಮಿಕ್ಕ ಮೂವರೂ ಅಲ್ಲಿರ್ತಾರೆ. ಕಾನ್ಕಾರ್ಡ್ ಅನ್ನೋ ಶೂಟಿಂಗ್ ಗೇಮ್‌ಗೆ ಆಗಿದ್ದೂ ಇದೇ ಅನ್ಸುತ್ತೆ. 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಬಂದ್. ಕೊಂಡವರಿಗೆ ದುಡ್ಡು ವಾಪಸ್. ವರ್ಷಗಟ್ಟಲೆ ಎಷ್ಟೋ ಜನ ಕೂತು ಮಾಡಿದ ಕೆಲಸ, ಎರಡು ವಾರ. ಬಂದೂಕಿನ ಸದ್ದು ಹೇಗಿರ್ಬೇಕು, ಪಾತ್ರ ಹೇಗೆ ನಡೀಬೇಕು ಅಂತ ತಲೆ ಕೆಡಿಸ್ಕೊಂಡವರನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಅದೇ ತರಹದ ಫ್ರೀ ಗೇಮ್‌ನಲ್ಲಿ ಸ್ಕಿನ್ (ಪಾತ್ರದ ವೇಷ), ರ‍್ಯಾಂಕ್, ಗೆಳೆಯರು ಎಲ್ಲ ಇಟ್ಕೊಂಡವರು ದುಡ್ಡು ಕೊಟ್ಟು ಯಾಕೆ ಗುಳೆ ಎದ್ದು ಬರ್ತಾರೆ?

ಅದಕ್ಕೇ ಹಳೇ ಗೇಮ್‌ಗಳು ವಾಪಸ್ ಬಂದಾಗ ಅಷ್ಟು ಜನ ಓಡಿ ಬರೋದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 2010ರಲ್ಲಿ 1.2 ಕೋಟಿ ಚಂದಾದಾರರಿದ್ರು, ಆಮೇಲೆ ಇಳೀತು, 2019ರಲ್ಲಿ ಹಳೇ ರೂಪವನ್ನೇ ಕ್ಲಾಸಿಕ್ ಅಂತ ಮತ್ತೆ ತೆರೆದ್ರು. ರೂನ್‌ಸ್ಕೇಪ್‌ನವರು 2013ರಲ್ಲಿ ಆಟಗಾರರ ವೋಟ್ ಕೇಳಿ 2007ರ ಆವೃತ್ತಿ ವಾಪಸ್ ತಂದ್ರು. ಫೋರ್ಟ್‌ನೈಟ್ 2023ರ ನವೆಂಬರ್‌ನಲ್ಲಿ ಹಳೇ ಮ್ಯಾಪ್ ಹಾಕಿದಾಗ ಒಂದೇ ದಿನ 4.4 ಕೋಟಿಗೂ ಹೆಚ್ಚು ಜನ ಬಂದ್ರು. ಆ ಮ್ಯಾಪ್ ಜೊತೆ ಬಿಟ್ಟುಹೋದ ಗೆಳೆಯರೂ ಬರ್ತಾರೇನೋ ಅನ್ನೋ ಆಸೆ ಇರುತ್ತೆ. ನನಗಂತೂ ಇರುತ್ತೆ.

ಓ, ಸಿಕ್ತು, ಸಿಕ್ತು! ಮ್ಯಾಚ್ ಸಿಕ್ತು. ಇರಿ... ಇದೇನಿದು, ಎಲ್ಲ ಬಾಟ್‌ಗಳು, ಕಂಪ್ಯೂಟರೇ ಆಡಿಸೋ ಆಟಗಾರರು. ಗೋಡೆ ನೋಡ್ಕೊಂಡು ನಿಂತಿದ್ದಾನೆ ನೋಡಿ ಇವನು. ಸ್ಕಿಪ್ ಮಾಡ್ತೀನಿ, ಇದನ್ನ ನೋಡೋ ಅಗತ್ಯ ನಿಮಗಿಲ್ಲ.

ಈ ಕ್ಲಿಪ್‌ನಲ್ಲಿ ಇರೋದು ಕೌಂಟರ್-ಸ್ಟ್ರೈಕ್ 1.6ರ ಸರ್ವರ್ ಪಟ್ಟಿ. 2000ದ ದಶಕದ ಆರಂಭದ ಗೇಮ್. ಇಲ್ಲಿ ಟೈಮರ್ ಇಲ್ಲ, ಗಮನಿಸಿ. ಯಾವ ಸರ್ವರ್‌ನಲ್ಲಿ ಎಷ್ಟು ಜನ, ಪಿಂಗ್ ಎಷ್ಟು, ಎಲ್ಲ ಕಣ್ಣೆದುರೇ ಇದೆ. ಯಾಕಂದ್ರೆ ಇದರ ಸರ್ವರ್‌ಗಳನ್ನ ಆಟಗಾರರೇ ನಡೆಸಬಹುದು. 1996ರ ಕ್ವೇಕ್ ಇವತ್ತಿಗೂ ಆನ್‌ಲೈನ್ ಆಡೋಕೆ ಸಿಗೋದು ಇದೇ ಕಾರಣಕ್ಕೆ. ದಿ ಕ್ರೂ ಅನ್ನೋ ಕಾರ್ ಗೇಮ್‌ನಲ್ಲಿ ಆ ಅವಕಾಶ ಇರಲಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು, ದುಡ್ಡು ಕೊಟ್ಟವರೂ ಒಬ್ಬರೇ ಕೂತು ಕಾರ್ ಓಡಿಸೋಕೆ ಆಗದಂಗಾಯ್ತು. ಅದರ ಬೆನ್ನಿಗೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರುವಾಗಿ, ಯುರೋಪ್‌ನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತು. ಕಂಪನಿ ಕೈಬಿಟ್ಟ ಮೇಲೂ ಕೊಂಡ ಗೇಮ್ ಆಡೋಕೆ ಆಗ್ಬೇಕು ಅನ್ನೋದು ಅವರ ಬೇಡಿಕೆ, ನಾನು ಅದರ ಪರ. ಜನ ಬಿಟ್ಟುಹೋಗೋದನ್ನ ಯಾವ ಕಂಪನಿಯೂ ತಡೆಯೋಕಾಗಲ್ಲ, ಒಪ್ತೀನಿ. ಹೋಗುವಾಗ ಬೀಗದ ಕೈ ಉಳಿದವರ ಕೈಗೆ ಕೊಟ್ಟು ಹೋಗಿ, ಅದನ್ನಾದ್ರೂ ಮಾಡಿ.

ಹಾಂ, ಇಲ್ಲೊಂದು ಸರ್ವರ್ ಇದೆ, ಹದಿಮೂರು ಜನ, ಎಲ್ಲ ಮನುಷ್ಯರೇ. ಜಾಯಿನ್ ಕೊಟ್ಟೆ. ಡಸ್ಟ್ 2 ಮ್ಯಾಪ್, ವಾಯ್ಸ್ ಚಾಟ್‌ನಲ್ಲಿ ಆಗಲೇ ಜಗಳ ನಡೀತಿದೆ. ರೌಂಡ್ ಶುರುವಾಯ್ತು, ನಾನು ಬಿ ಸೈಟ್‌ಗೆ ಓಡ್ಬೇಕು, ಮಾತು ಸಾಕು.